ಕನ್ನಡದ ಬಾಲ, ಇಂಗ್ಲಿಷಿನ ಕುರ್ಚಿ: ಪದಗಳ ಜಾಗ ಯಾಕೆ ತಪ್ಪುತ್ತೆ?

ಇವತ್ತಿನ ಮಾತು ಇಂಗ್ಲಿಷ್ ವಾಕ್ಯದ ಬಗ್ಗೆ. ಗ್ರಾಮರ್ ಅಂದ ಕೂಡಲೇ ಹೆದರಬೇಡಿ, ನೋಟ್‌ಬುಕ್ ಏನೂ ಬೇಡ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ಇಂಗ್ಲಿಷ್ ಮಾತಾಡಲು ಹೋಗಿ ಎಲ್ಲಿ ನಿಲ್ತಾರೆ, ಯಾಕೆ ನಿಲ್ತಾರೆ ಅನ್ನೋದಷ್ಟೇ ವಿಷಯ.

ನಾನು ಪಾಠ ಮಾಡುವಾಗ ನೋಡಿರೋದು ಇದು: ಪದ ಗೊತ್ತಿಲ್ಲದೆ ನಿಲ್ಲುವವರು ಕಡಿಮೆ. ಪದಗಳು ಬಾಯಲ್ಲೇ ಇರುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದೇ ತೋಚೋದಿಲ್ಲ. 2007-08ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಯಿತು. ಅಂದರೆ ಎಸ್‌ಎಸ್‌ಎಲ್‌ಸಿ ಮುಗಿಯುವಾಗ ಹತ್ತು ವರ್ಷ ಓದಿರ್ತಾರೆ. ಆದರೂ ಡಿಗ್ರಿ ಮುಗಿಸಿ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದಾಗ ಬಾಯಿ ಕಟ್ಟುತ್ತೆ. "ನಮ್ಮ ತಲೆಗೆ ಹತ್ತೂದಿಲ್ರೀ ಸರ್" ಅಂತ ತಾವೇ ತೀರ್ಮಾನ ಮಾಡಿಕೊಂಡು ಬಿಡ್ತಾರೆ. ಇದು ತಲೆಯ ಪ್ರಶ್ನೆ ಅಲ್ಲ. ಕನ್ನಡ ಪದದ ಬಾಲವನ್ನು ನಂಬುತ್ತೆ, ಇಂಗ್ಲಿಷ್ ಪದ ಕೂತಿರುವ ಜಾಗವನ್ನು ನಂಬುತ್ತೆ. ಇದೊಂದು ತಿಳಿದರೆ ಅರ್ಧ ಒಗಟು ಬಿಡಿಸಿದ ಹಾಗೆ.

ಒಂದು ವಾಕ್ಯ ತಗೊಳ್ಳಿ. "ಹೋರಿ ಹುಡುಗನ್ನ ಗುದ್ದಿತು." ಅದನ್ನೇ "ಹುಡುಗನ್ನ ಹೋರಿ ಗುದ್ದಿತು" ಅನ್ನಿ. "ಗುದ್ದಿತು ಹೋರಿ, ಹುಡುಗನ್ನ" ಅಂತಲೂ ಅನ್ನಿ. ಹೇಗೆ ತಿರುವಿದರೂ ಪೆಟ್ಟು ತಿಂದವನು ಹುಡುಗನೇ. ಯಾಕಂದ್ರೆ ಅವನ ಹೆಸರಿನ ಬಾಲಕ್ಕೆ "ಅನ್ನ" ಅಂಟಿದೆ. ಶಾಲೆಯಲ್ಲಿ ಕಲಿತ ವಿಭಕ್ತಿ ಪ್ರತ್ಯಯ ಅಂದರೆ ಇದೇ. ಈಗ ಇಂಗ್ಲಿಷಿನಲ್ಲಿ ನೋಡಿ. "ದ ಬುಲ್ ಹಿಟ್ ದ ಬಾಯ್" ಅಂದರೆ ಹೋರಿ ಗುದ್ದಿತು. "ದ ಬಾಯ್ ಹಿಟ್ ದ ಬುಲ್" ಅಂದರೆ ಹುಡುಗನೇ ಹೋರಿಗೆ ಹೊಡೆದ. ಪದಗಳು ಅವೇ, ಜಾಗ ಬದಲಾದದ್ದಕ್ಕೆ ಕಥೆಯೇ ತಿರುಗಿತು. ಅಲ್ಲಿ ಕ್ರಿಯಾಪದದ ಮುಂಚಿನ ಕುರ್ಚಿ ಮಾಡಿದವರದು, ಅದರ ನಂತರದ ಕುರ್ಚಿ ಮಾಡಿಸಿಕೊಂಡವರದು.

ಈ ಬಾಲದ ಸಂಗತಿಗೆ ಮಸ್ಕಿಯ ಬಂಡೆಯಲ್ಲೇ ಸಾಕ್ಷಿ ಇದೆ. 1915ರಲ್ಲಿ ಬೀಡನ್ ಅನ್ನುವ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಬಂದಾಗ ಅಲ್ಲಿ ಅಶೋಕನ ಶಾಸನ ಕಂಡಿತು. ಆವರೆಗೆ ಓದಿದ್ದ ಅವನ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನುವ ಬಿರುದುಗಳಷ್ಟೇ ಸಿಕ್ಕಿದ್ದವು. ಅಶೋಕ ಅನ್ನುವ ಹೆಸರು ಸಿಕ್ಕಿದ್ದು ಮಸ್ಕಿಯಲ್ಲಿ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಅಲ್ಲಿ ಕೊರೆದಿರುವುದು "ದೇವಾನಂಪಿಯಸ ಅಸೋಕಸ" ಅಂತ. ಎರಡೂ ಪದಗಳ ಕೊನೆಯ "ಸ" ಗಮನಿಸಿ. ಅದು ನಮ್ಮ "ಅಶೋಕನ" ಅನ್ನುವುದರ "ನ" ಇದ್ದ ಹಾಗೆ, ಷಷ್ಠೀ ವಿಭಕ್ತಿ.

ಸಾವಿರ ವರ್ಷದ ಹಿಂದೆ ಇಂಗ್ಲಿಷಿಗೂ ಇಂಥ ಬಾಲಗಳಿದ್ದವು. ಮುಂದಿನ ಶತಮಾನಗಳಲ್ಲಿ ಸವೆದು ಉದುರಿದವು. ಬಾಲ ಮಾಡುತ್ತಿದ್ದ ಕೆಲಸವನ್ನು ಜಾಗ ವಹಿಸಿಕೊಂಡಿತು. ಅಲ್ಲೊಂದು ಇಲ್ಲೊಂದು ಉಳಿದಿವೆ: "ಹಿ" ಮತ್ತು "ಹಿಮ್", "ಐ" ಮತ್ತು "ಮಿ". ಹಾಗೇ "ಅಶೋಕಾಸ್ ಎಡಿಕ್ಟ್" ಅನ್ನುವಾಗ ಹೆಸರಿಗೆ ಅಂಟುವ ಆ "ಸ್". ಮಸ್ಕಿಯ "ಅಸೋಕಸ" ಪಕ್ಕದಲ್ಲಿಟ್ಟು ಓದಿ, ದೂರದ ನೆಂಟಸ್ತನ ಕಿವಿಗೇ ಕೇಳಿಸುತ್ತೆ.

ಎರಡನೇ ಒಗಟು, ನಮ್ಮ ಬಾಲ ಅಲ್ಲಿ ತಲೆಯಾಗುತ್ತೆ. "ಮಸ್ಕಿಯಿಂದ ಲಿಂಗಸುಗೂರಿಗೆ" ಅನ್ನೋದು "ಫ್ರಮ್ ಮಸ್ಕಿ ಟು ಲಿಂಗಸುಗೂರು" ಆಗುತ್ತೆ. "ಇಂದ", "ಗೆ" ಎರಡೂ ಹಿಂದಿನಿಂದ ಮುಂದಕ್ಕೆ ಬಂದವು.

ವರ್ಣನೆ ಉದ್ದವಾದರೆ ಇನ್ನೂ ಕಷ್ಟ. "ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ನಮ್ಮ ಮಾವ ನಿನ್ನೆ ಬಂದರು." ನಾವು ಗಣಿ, ಕೆಲಸ ಎಲ್ಲ ಹೇಳಿದ ಮೇಲೆ ಮಾವನನ್ನು ಕರೀತೀವಿ. ಇಂಗ್ಲಿಷಿನವರು ಮೊದಲು ಮಾವನನ್ನು ಕೂರಿಸಿ ಆಮೇಲೆ ಅವರ ವಿವರ ಹೇಳ್ತಾರೆ: "ಮೈ ಅಂಕಲ್, ಹೂ ವರ್ಕ್ಸ್ ಇನ್ ದ ಹಟ್ಟಿ ಗೋಲ್ಡ್ ಮೈನ್, ಕೇಮ್ ಯೆಸ್ಟರ್‌ಡೇ." ಕನ್ನಡದ ಕ್ರಮದಲ್ಲೇ ಗಣಿಯಿಂದ ಶುರು ಮಾಡಿದವನು ಮಾವನ ತನಕ ತಲುಪೋದೇ ಇಲ್ಲ. ನಡುದಾರಿಯಲ್ಲೇ ಗಂಟಲು ಒಣಗುತ್ತೆ. ಆದ್ದರಿಂದ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಯಾರು? ಏನು ಮಾಡಿದರು? "ಮೈ ಅಂಕಲ್ ಕೇಮ್." ಇಷ್ಟು ಹೇಳಿದರೂ ಅದು ಪೂರ್ತಿ ವಾಕ್ಯವೇ. ಉಳಿದದ್ದನ್ನು ಆಮೇಲೆ ಸೇರಿಸಬಹುದು.

ಮೂರನೆಯದು ಪ್ರಶ್ನೆ. "ಸಿಂಧನೂರಲ್ಲಿ ಇರ್ತೀರಿ" ಅನ್ನೋದನ್ನ "ಇರ್ತೀರಾ?" ಅಂದರೆ ಮುಗೀತು. ಇಲ್ಲೂ ಬಾಲವೇ ಕೆಲಸ ಮಾಡಿತು. ಇಂಗ್ಲಿಷಿಗೆ ಆ ಬಾಲ ಇಲ್ಲ. ಅದಕ್ಕೆ ಒಂದು ಪದ ಮುಂದಕ್ಕೆ ಬಂದು ನಿಲ್ಲಬೇಕು. "ದ ಬಸ್ ಈಸ್ ಲೇಟ್" ಅನ್ನೋದರಲ್ಲಿ "ಈಸ್" ಮುಂದಕ್ಕೆ ಹಾರಿ "ಈಸ್ ದ ಬಸ್ ಲೇಟ್?" ಆಗುತ್ತೆ. ಹಾಗೆ ಹಾರುವ ಪದ ಇಲ್ಲದಿದ್ದರೆ "ಡೂ" ಕರೆಸಿಕೊಳ್ತಾರೆ: "ಡೂ ಯೂ ಲಿವ್ ಇನ್ ಸಿಂಧನೂರು?" ಮುಗಿದ ಕೆಲಸವಾದರೆ "ಡಿಡ್ ಯೂ ಗೋ?" ಅಲ್ಲಿ "ವೆಂಟ್" ಬೇಡ, ಭೂತಕಾಲದ ಹೊರೆಯನ್ನು "ಡಿಡ್" ಆಗಲೇ ಹೊತ್ತಿದೆ.

ಬುದ್ಧಿವಂತರೂ ಎಡವುವ ಜಾಗ ಇನ್ನೊಂದಿದೆ. "ವೇರ್ ಈಸ್ ದ ಬಸ್ ಸ್ಟ್ಯಾಂಡ್?" ಸರಿ. ಆದರೆ "ಟೆಲ್ ಮಿ" ಸೇರಿಸಿದರೆ "ಟೆಲ್ ಮಿ ವೇರ್ ದ ಬಸ್ ಸ್ಟ್ಯಾಂಡ್ ಈಸ್" ಆಗಬೇಕು. ಕೇಳುವ ಕೆಲಸವನ್ನು "ಟೆಲ್ ಮಿ" ಮಾಡಿ ಆಯ್ತಲ್ಲ, "ಈಸ್" ಯಾಕೆ ಹಾರಬೇಕು? ತನ್ನ ಜಾಗದಲ್ಲೇ ಕೂರುತ್ತೆ.

ಕೊನೆಯ ಒಗಟು, ಖಾಲಿ ಕುರ್ಚಿ. "ಹೊಲಕ ಹೋಗ್ಯಾನ" ಅಂದರೆ ಹೋದವನು ಗಂಡಸು, ಒಬ್ಬನೇ ಅಂತ ಕ್ರಿಯಾಪದವೇ ಹೇಳುತ್ತೆ, "ಅವನು" ಬೇಕಿಲ್ಲ. ಇಂಗ್ಲಿಷಿನ ಮೊದಲ ಕುರ್ಚಿ ಮಾತ್ರ ಖಾಲಿ ಇರುವಂತಿಲ್ಲ, "ಹಿ" ಬೇಕೇ ಬೇಕು. "ಮಳಿ ಬಂತು" ಅನ್ನೋದಕ್ಕೆ "ಇಟ್ ರೇನ್ಡ್." ಆ "ಇಟ್" ಯಾರು ಅಂತ ಮಕ್ಕಳು ಕೇಳ್ತಾರೆ. ಯಾರೂ ಅಲ್ಲ, ಕುರ್ಚಿ ತುಂಬಲು ಬಂದ ಪದ. "ನನಗ ಹಸಿವಾಗ್ಯದ" ಅನ್ನುವಾಗ ನಮ್ಮಲ್ಲಿ ಹಸಿವು ನನ್ನ ಹತ್ತಿರ ಬರುತ್ತೆ. ಅಲ್ಲಿ "ಐ ಆಮ್ ಹಂಗ್ರಿ", ನಾನೇ ಕುರ್ಚಿಯಲ್ಲಿ.

ಶಿಕ್ಷಕರಿಗೆ, ಮನೆಯ ದೊಡ್ಡವರಿಗೆ ಒಂದು ಮಾತು. ಜಾಗ ತಪ್ಪಿಸಿ ಮಾತಾಡುವ ಮಗು ನಿಯಮ ಇಲ್ಲದೆ ಮಾತಾಡುತ್ತಿಲ್ಲ. ಕನ್ನಡದ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಅದನ್ನು ಕೇಳಿ ನಕ್ಕರೆ ಮಗು ಕಲಿಯೋದು ಒಂದೇ, ಬಾಯಿ ಮುಚ್ಚಿಕೊಳ್ಳೋದು. ನಗುವ ಬದಲು "ಯಾರು ಮಾಡಿದ್ದು? ಅವರನ್ನ ಮುಂದೆ ಕೂರಿಸು" ಅನ್ನಿ, ಸಾಕು. ಎಲ್ಲ ಜಾಗವೂ ಅಷ್ಟು ಬಿಗಿಯಲ್ಲ. "ಯೆಸ್ಟರ್‌ಡೇ ಐ ವೆಂಟ್", "ಐ ವೆಂಟ್ ಯೆಸ್ಟರ್‌ಡೇ" ಎರಡೂ ಸರಿಯೇ.

ಕಲಿಯುವವರು ಇವತ್ತು ಮನೆಯಲ್ಲಿ ಆಡಿದ ಐದು ಮಾತು ನೆನಪಿಸಿಕೊಳ್ಳಿ. ಅನುವಾದಕ್ಕೆ ಹೋಗಬೇಡಿ. ಯಾರು, ಏನು ಮಾಡಿದರು, ಯಾರನ್ನು ಅಥವಾ ಏನನ್ನು ಅಂತ ಕುರ್ಚಿ ಹಾಕಿ, ಜೋರಾಗಿ ಹೇಳಿ.