ಪೊಟ್ಟಣದ ಲೆಕ್ಕ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪರಿಸರಸ್ನೇಹಿ ಪ್ಯಾಕಿಂಗ್ ಮತ್ತು ಅದರಿಂದ ವ್ಯಾಪಾರಕ್ಕೆ ಆಗುವ ಲಾಭ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಪದಾಧಿಕಾರಿಗಳು ನನಗೆ ತಿಳಿಸಿದ್ದಾರೆ. ಹೆಸರು ಕೇಳಿದರೆ ಇದು ದೊಡ್ಡ ಕಂಪನಿಗಳಿಗೆ ಸಂಬಂಧಿಸಿದ ಮಾತು ಎನ್ನಿಸುತ್ತದೆ. ಆದರೆ ಇಲ್ಲಿ ಕುಳಿತಿರುವವರಲ್ಲಿ ಹಣ್ಣಿನ ಗಾಡಿಯವರಿದ್ದಾರೆ, ಬೇಕರಿಯವರಿದ್ದಾರೆ, ಮಾಂಸದ ಅಂಗಡಿಯವರು, ಹೋಟೆಲಿನವರು, ಕೊಬ್ಬರಿ ವ್ಯಾಪಾರದವರೂ ಇದ್ದಾರೆ. ಪೊಟ್ಟಣ ಕಟ್ಟದೆ ನಿಮ್ಮ ಒಂದು ದಿನವೂ ಕಳೆಯುವುದಿಲ್ಲ. ಆದ್ದರಿಂದ ಉಪದೇಶ ಕಡಿಮೆ ಮಾಡಿ, ಲೆಕ್ಕ ಹೆಚ್ಚು ಹೇಳುತ್ತೇನೆ.

ಮೊದಲು ಕಾನೂನಿನ ಮಾತು. ಇದರಲ್ಲಿ ಅನೇಕರಿಗೆ ಗೊಂದಲವಿದೆ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದು ಹೊರಡಿಸಿದ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ, ಇವನ್ನೆಲ್ಲ ದಪ್ಪ ಎಷ್ಟೇ ಇರಲಿ ನಿಷೇಧಿಸಿತು. ಹಾಲಿನ ಪೊಟ್ಟಣಕ್ಕೆ, ಕಾರ್ಖಾನೆಯಲ್ಲೇ ಮುಚ್ಚಿ ಬರುವ ಪೊಟ್ಟಣಕ್ಕೆ ವಿನಾಯಿತಿ ಇತ್ತು. ಆಮೇಲೆ ಕೇಂದ್ರ ಸರ್ಕಾರದ ನಿಯಮ ಬಂತು. ಅದರ ಪ್ರಕಾರ ಕೈಚೀಲದ ದಪ್ಪ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಇರಬೇಕು. ಇದನ್ನು ಹಿಡಿದುಕೊಂಡು, "ಸಾಹೇಬ್ರೇ, ಇದು 120 ಮೈಕ್ರಾನ್, ಯಾರೂ ಕೇಳಲ್ಲ" ಎಂದು ಕವರ್ ಮಾರುವವರು ಹೇಳುತ್ತಾರೆ. ನಮ್ಮ ರಾಜ್ಯದ ಅಧಿಸೂಚನೆ ದಪ್ಪವನ್ನೇ ನೋಡಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ. 2022ರ ಜುಲೈ 1ರಿಂದ ದೇಶಕ್ಕೆಲ್ಲ ಅನ್ವಯಿಸಿದ ಪಟ್ಟಿಯಲ್ಲಿ ಸ್ಟ್ರಾ ಇದೆ, ಐಸ್‌ಕ್ರೀಂ ಕಡ್ಡಿ ಇದೆ, ಸ್ವೀಟ್ ಬಾಕ್ಸಿನ ಮೇಲೆ ಸುತ್ತುವ ತೆಳು ಹಾಳೆಯೂ ಇದೆ. ದಂಡ ಬಿದ್ದಾಗ ಅದನ್ನು ಕಟ್ಟುವವನು ಅಂಗಡಿಯವನೇ ಹೊರತು ಕವರ್ ತಂದುಕೊಟ್ಟವನಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ಉದಾಹರಣೆ ತೆಗೆದುಕೊಳ್ಳಿ. ಒಬ್ಬ ಬೇಕರಿಯವರು ದಿನಕ್ಕೆ 200 ಕವರ್ ಕೊಡುತ್ತಾರೆ, ಒಂದಕ್ಕೆ 50 ಪೈಸೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 100 ರೂಪಾಯಿ, ತಿಂಗಳಿಗೆ 3,000 ರೂಪಾಯಿ. ನಾಳೆಯಿಂದ ಪರಿಸರ ಉಳಿಸುತ್ತೇನೆ ಎಂದು ಆ 200 ಕವರಿನ ಬದಲು 2 ರೂಪಾಯಿಯ 200 ಕಾಗದದ ಚೀಲ ಕೊಟ್ಟರೆ ತಿಂಗಳಿಗೆ 12,000 ರೂಪಾಯಿ. ಎರಡು ತಿಂಗಳಲ್ಲಿ ಅವರು ಮತ್ತೆ ಕವರಿಗೆ ಮರಳುತ್ತಾರೆ. ಮರಳಿದ್ದು ತಪ್ಪೆಂದು ನಾನು ಹೇಳಲಾರೆ. ತಪ್ಪಿರುವುದು ಲೆಕ್ಕದಲ್ಲಿ. ಅದೇ ಬೇಕರಿಯವರು ಗಿರಾಕಿಗಳಿಗೆ ಚೀಲ ತರುವ ರೂಢಿ ಮಾಡಿಸಿ, 200ರಲ್ಲಿ 140 ಜನ ಚೀಲ ತಂದರೆ, ಉಳಿದ 60 ಕಾಗದದ ಚೀಲಕ್ಕೆ ತಿಂಗಳಿಗೆ 3,600 ರೂಪಾಯಿ. ಹಳೆಯ ಖರ್ಚಿಗಿಂತ 600 ಮಾತ್ರ ಹೆಚ್ಚು. ಆ 60 ಚೀಲಕ್ಕೆ ಬೆಲೆ ಹಾಕಿದರೆ ಆ ಖರ್ಚೂ ಇಲ್ಲ. ಆದರೆ ಬೆಲೆ ಹಾಕುವುದಾದರೆ ಬಾಗಿಲಲ್ಲೇ ಬೋರ್ಡು ಬರೆದು ಹಾಕಿ. ಮೊದಲೇ ತಿಳಿಸದೆ ಬಿಲ್ ಮಾಡುವಾಗ ಚೀಲಕ್ಕೆ ಹಣ ಕೇಳುವುದು ಅನುಚಿತ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಹೇಳಿದೆ.

ನಾನು ಇಂದು ಹೇಳಬೇಕೆಂದು ಬಂದಿರುವ ಮುಖ್ಯ ಮಾತು ಇದೇ. ಪೊಟ್ಟಣದ ವಸ್ತುವನ್ನು ಬದಲಿಸುವುದಕ್ಕಿಂತ ಮೊದಲು ಪೊಟ್ಟಣದ ಸಂಖ್ಯೆಯನ್ನು ಇಳಿಸಬೇಕು. ಸಂಖ್ಯೆ ಇಳಿದರೆ ಮಾತ್ರ ಒಳ್ಳೆಯ ವಸ್ತುವನ್ನು ಕೊಳ್ಳುವ ಶಕ್ತಿ ಸಣ್ಣ ವ್ಯಾಪಾರಿಗೆ ಬರುತ್ತದೆ. ಪರಿಸರದ ದೃಷ್ಟಿಯಿಂದಲೂ ಇದು ಸರಿ. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೂಮಿಯ ತಾಪ ಏರಿಸುವ ಅನಿಲಗಳ ಲೆಕ್ಕ ಹಿಡಿದರೆ, ಒಂದು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಕಾಗದದ ಚೀಲವನ್ನು 3 ಬಾರಿ, ಹತ್ತಿಯ ಚೀಲವನ್ನು 131 ಬಾರಿ ಬಳಸಬೇಕು ಎಂದು ಕಂಡುಬಂತು. ಚರಂಡಿಯಲ್ಲಿ ಸಿಕ್ಕಿಕೊಳ್ಳುವ, ಹಸುವಿನ ಹೊಟ್ಟೆ ಸೇರುವ ಲೆಕ್ಕ ಬೇರೆ. ಅದರಲ್ಲಿ ಪ್ಲಾಸ್ಟಿಕ್ಕೇ ಅಪರಾಧಿ. ಆದರೂ, ಸಮಾರಂಭದಲ್ಲಿ ಹೆಸರು ಅಚ್ಚು ಹಾಕಿಸಿ ಹಂಚುವ ಬಟ್ಟೆ ಚೀಲ ಮನೆಯ ಬೀರುವಿನಲ್ಲಿ ಮಲಗಿದರೆ ಅದರಿಂದ ಯಾರಿಗೂ ಉಪಕಾರವಿಲ್ಲ. ಅದೇ ರೀತಿ, ಟೊಮ್ಯಾಟೊ ಸಾಗಿಸುವ ಪ್ಲಾಸ್ಟಿಕ್ ಕ್ರೇಟನ್ನು ನಾನು ಬೈಯುವುದಿಲ್ಲ. ಅದು ಹೋಗಿ ಬಂದು ವರ್ಷಗಟ್ಟಲೆ ದುಡಿಯುತ್ತದೆ, ಹಣ್ಣೂ ನಜ್ಜುಗುಜ್ಜಾಗುವುದಿಲ್ಲ.

ಹೋಗಿ ಬರುವ ಪೊಟ್ಟಣ ನಮಗೆ ಹೊಸದಲ್ಲ. ಗೋಲಿ ಸೋಡಾ ಬಾಟಲಿಯನ್ನು ಹಿರಿಯರು ನೆನಪಿಸಿಕೊಳ್ಳಲಿ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ ಪೇಟೆಂಟ್ ಪಡೆದ ಆ ಬಾಟಲಿ ನಮ್ಮ ಊರಿನ ಸೋಡಾ ಗಾಡಿಗಳಲ್ಲಿ ಓಡಾಡಿತು. ಕುಡಿದು ಬಾಟಲಿ ಅಲ್ಲೇ ಕೊಟ್ಟು ಹೋಗಬೇಕು, ಒಯ್ಯುವುದಾದರೆ ಮುಂಗಡ ಇಡಬೇಕು. ಗಾಣದ ಎಣ್ಣೆಗೆ ಮನೆಯಿಂದ ಸೀಸೆ ತರುತ್ತಿದ್ದರು. ಮಾಂಸದ ಅಂಗಡಿಗೆ ಸ್ಟೀಲ್ ಡಬ್ಬಿ ತಂದವರಿಗೆ ಐದು ರೂಪಾಯಿ ಕಡಿಮೆ ಮಾಡಿ ನೋಡಿ. ಕವರ್ ಉಳಿಯುವುದರ ಜೊತೆಗೆ ಗಿರಾಕಿಯೂ ಉಳಿಯುತ್ತಾನೆ. ಡಬ್ಬಿ ಹಿಡಿದು ಬಂದವನು ಪಕ್ಕದ ಅಂಗಡಿಗೆ ಹೋಗುವುದು ಅಪರೂಪ.

ಸಂಖ್ಯೆ ಇಳಿಸಿದ ಮೇಲೆ ಏನು ಬಳಸಬೇಕು? ನಮ್ಮ ಸುತ್ತಲೇ ಇದಕ್ಕೆ ಉತ್ತರವಿದೆ. ಅರಸೀಕೆರೆ ಕಡೆಯವರಿಗೆ ಗೋಣಿಚೀಲದ ಬಗ್ಗೆ ನಾನು ಹೇಳಬೇಕಾಗಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿದ ಉಂಡೆ ಕೊಬ್ಬರಿಯನ್ನು ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ತುಂಬಿದರೆ ಒಳಗಿನ ತೇವ ಹೊರಬರಲಾರದೆ ಬೂಷ್ಟು ಹಿಡಿಯುತ್ತದೆ. ಹಾಸನದ ಆಲೂಗಡ್ಡೆಯೂ ಹಾಗೆಯೇ. ಅದು ಉಸಿರಾಡುವ ಗೆಡ್ಡೆ, ಬೆವರಿದರೆ ಕೊಳೆಯುತ್ತದೆ. ಆದ್ದರಿಂದ ಸೆಣಬು ಇಲ್ಲಿ ಬರಿಯ ಪರಿಸರದ ಮಾತಲ್ಲ, ಮಾಲು ಉಳಿಸುವ ಮಾತು. 1987ರ ಸೆಣಬು ಪ್ಯಾಕಿಂಗ್ ಕಾಯ್ದೆಯ ಅಡಿಯಲ್ಲಿ ಧಾನ್ಯ ಮತ್ತು ಸಕ್ಕರೆಗೆ ಸೆಣಬಿನ ಚೀಲ ಎಷ್ಟು ಪಾಲು ಬಳಸಬೇಕೆಂದು ಕೇಂದ್ರ ಸರ್ಕಾರ ಕಾಲಕಾಲಕ್ಕೆ ನಿಗದಿ ಮಾಡುತ್ತ ಬಂದಿದೆ. ಬೇಲೂರು ಕಡೆಯ ಕಾಫಿಯವರಿಗೆ ಒಂದು ಎಚ್ಚರಿಕೆ: ನೂಲು ಮೆದುವಾಗಲೆಂದು ಸೆಣಬಿಗೆ ಖನಿಜ ಎಣ್ಣೆ ಹಾಕಿದ ಚೀಲದ ವಾಸನೆ ಬೀಜಕ್ಕೆ ಹತ್ತುತ್ತದೆ. ಕಾಫಿ, ಕೋಕೋಗಳಿಗೆಂದೇ ಸಸ್ಯಜನ್ಯ ಎಣ್ಣೆಯಿಂದ ತಯಾರಿಸುವ ಚೀಲಗಳಿವೆ, ಅವನ್ನೇ ಕೇಳಿ ತರಿಸಬೇಕು.

ಊಟದ ವಿಷಯದಲ್ಲಿ ಮುತ್ತುಗದ ಎಲೆ ಮತ್ತು ಬಾಳೆ ಎಲೆಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಯಲುಸೀಮೆಯ ಒಣ ನೆಲದಲ್ಲಿ ಮುತ್ತುಗ ತಾನಾಗಿ ಬೆಳೆಯುತ್ತದೆ. ಎಲೆ ಕೊಯ್ದು, ಕಡ್ಡಿ ಚುಚ್ಚಿ ಹಚ್ಚಿದರೆ ಊಟದ ಎಲೆ, ಮಡಿಸಿ ಚುಚ್ಚಿದರೆ ದೊನ್ನೆ. ಬೆಂಗಳೂರಿನ ದೊನ್ನೆ ಬಿರಿಯಾನಿಯನ್ನು ನೋಡಿ. ಅಕ್ಕಿಯ ಹೆಸರೂ ಅಲ್ಲ, ಮಾಂಸದ ಹೆಸರೂ ಅಲ್ಲ, ಪೊಟ್ಟಣದ ಹೆಸರೇ ತಿಂಡಿಯ ಹೆಸರಾಗಿ ಊರೂರಿಗೆ ಬೋರ್ಡು ಏರಿತು. ಇದಕ್ಕಿಂತ ದೊಡ್ಡ ಜಾಹೀರಾತು ಯಾರು ಮಾಡಿಕೊಟ್ಟಾರು? ಓದುವ ಹುಡುಗರು ಇದನ್ನು ಗಮನಿಸಬೇಕು. ಪೊಟ್ಟಣ ಎಂದರೆ ಖರ್ಚು ಮಾತ್ರವಲ್ಲ, ಗುರುತೂ ಹೌದು.

ಇನ್ನು ಅಡಿಕೆ ಹಾಳೆ. ಮರದಿಂದ ತಾನಾಗಿ ಕಳಚಿ ಬೀಳುವ ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟು ಬೇಡ, ಬಣ್ಣ ಬೇಡ. ಒಂದು ಕೋಣೆ, ಒಂದು ಯಂತ್ರವಿದ್ದರೆ ಮನೆಯ ಹೆಣ್ಣುಮಕ್ಕಳೂ ನಡೆಸಬಹುದಾದ ಕೆಲಸ. ಕಷ್ಟವೂ ಇದೆ: ಹಾಳೆಯನ್ನು ಬೇಸಿಗೆಯಲ್ಲೇ ಕೂಡಿಸಿ ಒಣಗಿಸಿ ಇಡಬೇಕು, ಮಳೆಗಾಲದಲ್ಲಿ ನೆನೆದರೆ ಕಪ್ಪಾಗಿ ಬೂಷ್ಟು ಬರುತ್ತದೆ. 2021ರ ಜುಲೈನಲ್ಲಿ ಯುರೋಪಿನ ಒಕ್ಕೂಟ ಪ್ಲಾಸ್ಟಿಕ್ ತಟ್ಟೆ ಚಮಚಗಳನ್ನು ನಿಲ್ಲಿಸಿದಾಗ ಇಂಥ ತಟ್ಟೆಗಳಿಗೆ ದೊಡ್ಡ ದಾರಿ ತೆರೆಯಿತು. ಆದರೆ 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಅಡಿಕೆ ಮರದ ಎಲೆಯ ತಟ್ಟೆಗಳಿಂದ ಅಡಿಕೆಯಲ್ಲಿರುವಂಥ ಆಲ್ಕಲಾಯ್ಡ್ ಅಂಶಗಳು ಆಹಾರಕ್ಕೆ ಇಳಿಯಬಹುದು, ಅವು ಅಲ್ಲಿ ಮಾರಾಟಕ್ಕೆ ಯೋಗ್ಯವಲ್ಲ ಎಂದು ತಿಳಿಸಿತು. ಅಲ್ಲಿಗೇ ಕಳಿಸುತ್ತೇನೆಂದು ಸಾಲ ಮಾಡಿ ಕೂತವರಿಗೆ ಇದು ಸಣ್ಣ ಪೆಟ್ಟಲ್ಲ. ನಾನು ಈ ಉದ್ಯೋಗ ಬೇಡ ಎನ್ನುವುದಿಲ್ಲ. ಒಂದೇ ದೇಶ, ಒಬ್ಬನೇ ಖರೀದಿದಾರನನ್ನು ನಂಬಬೇಡಿ, ಮತ್ತು ತಟ್ಟೆಯಿಂದ ಆಹಾರಕ್ಕೆ ಏನು ಇಳಿಯುತ್ತದೆ ಎಂಬುದನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಪತ್ರ ಇಟ್ಟುಕೊಳ್ಳಿ ಎನ್ನುತ್ತೇನೆ. "ಪ್ರಕೃತಿದತ್ತ" ಎಂಬ ಒಂದು ಮಾತಿನಿಂದ ಇನ್ನು ಮುಂದೆ ಮಾಲು ಹೋಗುವುದಿಲ್ಲ.

ಹಸಿರು ಬಣ್ಣ ಬಳಿದು ಬರುವ ಮೋಸಗಳ ಬಗ್ಗೆಯೂ ಹೇಳಬೇಕು. ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲ ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಒಂದು ಎಳೆ ಕಿತ್ತು ಬೆಂಕಿ ತಾಗಿಸಿ ನೋಡಿ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ, ಇದು ಕರಗಿ ಹನಿಯಾಗುತ್ತದೆ. ಚಹಾದ ಕಾಗದದ ಲೋಟದ ಒಳಗೂ ಪ್ಲಾಸ್ಟಿಕ್ಕಿನ ತೆಳು ಪದರವಿದೆ. ಅದರಲ್ಲಿ 100 ಮಿಲಿಲೀಟರ್ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಇಳಿಯುತ್ತವೆ ಎಂದು ಖರಗ್‌ಪುರದ ಐಐಟಿಯವರು 2020ರಲ್ಲಿ ತೋರಿಸಿದರು. ತೊಳೆದು ಕೊಡುವ ಗಾಜಿನ ಲೋಟಕ್ಕೆ ಎಣೆಯಿಲ್ಲ. "ಕಂಪೋಸ್ಟೆಬಲ್" ಎಂದು ಬರೆದ ಚೀಲ ಕೊಳ್ಳುವುದಾದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕೇಳಿ. ಪತ್ರವಿದ್ದರೂ ಅದು ದೊಡ್ಡ ಗೊಬ್ಬರ ಘಟಕದ ಶಾಖದಲ್ಲಿ ಕೊಳೆಯುವಂಥದ್ದು, ನಮ್ಮ ಚರಂಡಿಯಲ್ಲಿ ಅಲ್ಲ.

ಹಳೆಯ ಪತ್ರಿಕೆಯ ಪೊಟ್ಟಣ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ಬಳೆ ಕಟ್ಟಲು ಒಳ್ಳೆಯದು, ಬೋಂಡಾ ಕಟ್ಟಲು ಅಲ್ಲ. ಮಸಿಯ ಅಂಶ ಬಿಸಿ ಎಣ್ಣೆಗೆ ಇಳಿಯುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿ, 2018ರ ಪ್ಯಾಕಿಂಗ್ ನಿಯಮಗಳಲ್ಲಿ ತಿಂಡಿಗೆ ಪತ್ರಿಕೆ ಬಳಸುವುದನ್ನೇ ನಿಷೇಧಿಸಿತು. ಚುರುಮುರಿ ಮಾರುವವರು ಅಚ್ಚಿಲ್ಲದ ಕಾಗದದ ಪೊಟ್ಟಣ ಮಾಡಿಕೊಳ್ಳಬೇಕು, ಇಲ್ಲವೇ ಸಣ್ಣ ದೊನ್ನೆ.

ನಮ್ಮ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿ ಇದೆ, ಹತ್ತಿರದಲ್ಲೇ ಹಳೇಬೀಡು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ದೂರದಿಂದ ಬರುವ ಪ್ರವಾಸಿಗೆ ಎಳನೀರು, ಸೀಬೆಹಣ್ಣು, ಚುರುಮುರಿ ಮಾರುವವರು ನಮ್ಮ ಜನರೇ. ಎಳನೀರಿಗಿಂತ ಚೆನ್ನಾದ ಪೊಟ್ಟಣ ಲೋಕದಲ್ಲಿ ಬೇರೊಂದಿಲ್ಲ. ಅದಕ್ಕೂ ಪ್ಲಾಸ್ಟಿಕ್ ಸ್ಟ್ರಾ ಚುಚ್ಚಿ ಕೊಡುತ್ತೇವೆ! ಕಲ್ಲು ನೋಡಲು ಬಂದವರು ಕವರಿನ ರಾಶಿ ನೋಡಿ ಹೋದರೆ ಮುಂದಿನ ಸಲ ಬೇರೆ ಊರಿಗೆ ಹೋಗುತ್ತಾರೆ, ನಷ್ಟ ನಮ್ಮ ಗಾಡಿಗೇ.

ನಮ್ಮ ಮನೆಗಳ ದಾವತ್‌ಗಳ ಬಗ್ಗೆಯೂ ಒಂದು ಮಾತು, ಬೇಸರಿಸಬೇಡಿ. ನಿಕಾಹ್‌ನ ಊಟಕ್ಕೆ ಥರ್ಮಾಕೋಲ್ ತಟ್ಟೆ, ಇಫ್ತಾರಿಗೆ ಪ್ಲಾಸ್ಟಿಕ್ ಲೋಟ, ಬಕ್ರೀದಿನ ಮಾಂಸ ಹಂಚಲು ಕಪ್ಪು ಕವರ್. ಒಂದು ದಾವತ್ ಮುಗಿದ ಮೇಲೆ ಶಾದಿ ಮಹಲಿನ ಹಿಂದೆ ಬೀಳುವ ರಾಶಿಯನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಸಂಘದ ವತಿಯಿಂದ ಐನೂರು ಸ್ಟೀಲ್ ತಟ್ಟೆ, ಲೋಟ ಕೊಂಡು ಬಾಡಿಗೆಗೆ ಕೊಟ್ಟರೆ ಬಡವರ ಮದುವೆಗೂ ಅನುಕೂಲ, ಬರುವ ಬಾಡಿಗೆ ವಿದ್ಯಾರ್ಥಿವೇತನದ ನಿಧಿಗೂ ಆದೀತು. ಪದಾಧಿಕಾರಿಗಳು ಇದನ್ನು ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಬೇಕೆಂದು ಕೋರುತ್ತೇನೆ.

ಓದು ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಒಂದು ಸೂಚನೆ. ಎಲೆ ತಟ್ಟೆ, ಕಾಗದದ ಚೀಲ, ತೆಂಗಿನ ನಾರಿನ ಸಸಿ ಕುಂಡ, ಇವು ಸಣ್ಣ ಬಂಡವಾಳದಲ್ಲಿ ಆಗುವ ಉದ್ಯೋಗಗಳು. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಗ್ರಾಮಾಂತರದ ಅಲ್ಪಸಂಖ್ಯಾತರಿಗೆ ಮತ್ತು ಮಹಿಳೆಯರಿಗೆ ಯೋಜನಾ ವೆಚ್ಚದ ಶೇ. 35ರಷ್ಟು ಸಹಾಯಧನ ಇಡಲಾಗಿತ್ತು. ಈಗಿನ ನಿಯಮಗಳೇನು, ಅರ್ಜಿ ಯಾವಾಗ ಎಂಬುದನ್ನು ಹಾಸನದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೇರವಾಗಿ ಹೋಗಿ ಕೇಳಿ, ಮಧ್ಯವರ್ತಿಗಳ ಕೈಗೆ ಹಣ ಕೊಡಬೇಡಿ. ಯಂತ್ರ ಕೊಳ್ಳುವ ಮೊದಲು ಸುತ್ತಲಿನ ಹತ್ತು ಹೋಟೆಲು, ಹತ್ತು ಬೇಕರಿಗಳಿಗೆ ಹೋಗಿ, ಯಾವ ಅಳತೆಯ ತಟ್ಟೆ ಬೇಕು, ವಾರಕ್ಕೆ ಎಷ್ಟು ಬೇಕು, ಎಷ್ಟು ಬೆಲೆ ಕೊಡಬಲ್ಲಿರಿ ಎಂದು ಬರೆದುಕೊಂಡು ಬನ್ನಿ. ಮಾದರಿಗೆಂದು ತಂದಿರುವ ದೊನ್ನೆ, ಮುತ್ತುಗದ ಎಲೆ ಮತ್ತು ಎರಡು ಬಗೆಯ ಚೀಲಗಳನ್ನು ಈ ಮೇಜಿನ ಮೇಲೆ ಇಟ್ಟಿದ್ದೇನೆ. ಊಟದ ಬಿಡುವಿನಲ್ಲಿ ಬಂದು ಕೈಯಲ್ಲಿ ಹಿಡಿದು ನೋಡಿ, ಪ್ರಶ್ನೆಗಳಿದ್ದರೆ ಅಲ್ಲೇ ಕೇಳಿ.