ಹಳ್ಳಿಯ ಪ್ರಾರ್ಥನಾಲಯಗಳ ಋಣ
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)



ನೂರು ಸಂವತ್ಸರಗಳನ್ನು ಕಂಡ ದೇವಾಲಯದ ನೆರಳಿನಲ್ಲಿ ಇಂದು ನಾವು ದೇವರಿಗೆ ಕೃತಜ್ಞತೆ ಸಲ್ಲಿಸುತ್ತಿದ್ದೇವೆ. ಇಂಥ ದಿನದಲ್ಲಿ ದೊಡ್ಡ ಗೋಪುರಗಳನ್ನು ಕೊಂಡಾಡುವುದು ಸಹಜ. ಆದರೆ ಮಣ್ಣಿನ ಮಾಳಿಗೆಯ ಕೆಳಗೆ ಒಂದು ಮರದ ಶಿಲುಬೆಯಷ್ಟೇ ಇದ್ದ ಹಳ್ಳಿಯ ಪ್ರಾರ್ಥನಾಲಯಗಳ ಋಣವನ್ನು ನೆನೆಯುವುದೂ ನಮ್ಮ ಕರ್ತವ್ಯ.

ಈ ಸೀಮೆಗೆ ಕಥೋಲಿಕ ವಿಶ್ವಾಸ ರೈಲಿನೊಡನೆ ಬಂತೆಂದು ಹುಬ್ಬಳ್ಳಿಯ ನಾವು ಹೇಳುವುದುಂಟು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾರ್ಯಾಗಾರ ಇಲ್ಲಿ ತೆರೆದಾಗ ಗೋವೆಯವರೂ ತಮಿಳರೂ ಆಂಗ್ಲೋ-ಇಂಡಿಯನ್ನರೂ ಬಂದು ನೆಲೆಸಿದ್ದು ನಿಜ. ಆದರೆ ಅದಕ್ಕೂ ಬಹಳ ಹಿಂದೆಯೇ, ಆದಿಲಶಾಹಿ ಅರಸರ ಕಾಲದಿಂದಲೂ, ಮುದಗಲ್ಲಿನಲ್ಲಿ ಕ್ರೈಸ್ತ ಸಮುದಾಯವೊಂದು ಬಾಳಿಬಂದಿತ್ತು.

1886ರಲ್ಲಿ ಪುಣೆ ಧರ್ಮಪ್ರಾಂತ ಸ್ಥಾಪಿತವಾಯಿತು; ಧಾರವಾಡ ಸೀಮೆ ಅದರ ಆಡಳಿತಕ್ಕೆ ಸೇರಿತು. ಧರ್ಮಾಧ್ಯಕ್ಷರು ಪುಣೆಯಲ್ಲಿ, ನಮ್ಮ ಜನರು ಇಲ್ಲಿ! 1914ರ ಮಹಾಯುದ್ಧದಲ್ಲಿ ಜರ್ಮನ್ ಯೇಸುಸಭೆಯ ಗುರುಗಳನ್ನು ಬಂಧನದಲ್ಲಿಟ್ಟು ದೇಶದಿಂದ ಕಳುಹಿಸಲಾಯಿತು. ಸ್ವದೇಶಕ್ಕೆ ಹೋಗಿದ್ದ ಧರ್ಮಾಧ್ಯಕ್ಷ ಡೋರಿಂಗ್ ಅವರು ಪುಣೆಗೆ ಮರಳಿದ್ದು 1927ರಲ್ಲಿ. ಗುರುಗಳು ವಿರಳವಾದಾಗ ಹಳ್ಳಿಯ ದೀಪ ಆರದಂತೆ ಕಾಯುವವರು ಯಾರು? ಜಪಸರ ಹೇಳಿಸುವ ಉಪದೇಶಿ, ಸಂಜೆ ಎಣ್ಣೆ ಹಾಕುವ ತಾಯಿ. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ರಚನೆಯಾಗಿ ಮೈಕೆಲ್ ರೊಡ್ರಿಗಸ್ ಅವರು ಪ್ರಥಮ ಧರ್ಮಾಧ್ಯಕ್ಷರಾದರು. ಆಗ ಆ ದೂರ ತಗ್ಗಿತು.

ಬೈಲಹೊಂಗಲ ಸೀಮೆಯ ದೇಶನೂರನ್ನು ನೆನೆಯೋಣ. ಗೋವೆಯಿಂದ ಬಂದ ಯೇಸುಸಭೆಯ ಗುರುಗಳೊಬ್ಬರು ಅಣಿಮಾನಂದ ಸ್ವಾಮಿಗಳೆಂಬ ಹೆಸರಿನಿಂದ ಕಾವಿಯುಟ್ಟು, ಶಾಕಾಹಾರಿಗಳಾಗಿ, ಕನ್ನಡದಲ್ಲಿ ಬೋಧಿಸಿದರು. ಅಲ್ಲಿಯ ಸ್ನಾನಿಕ ಅರುಳಪ್ಪನವರ ವಿರಕ್ತ ಮಠ ನೋಟಕ್ಕೆ ನಮ್ಮ ನಾಡಿನ ಮಠದಂತೆಯೇ ಇದೆ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನಭಾಷೆಗೆ ಎಡೆಮಾಡಿಕೊಟ್ಟಿತು. ನೆಲದ ಮಾತಿನಲ್ಲಿ ದೇವರನ್ನು ಕರೆಯುವ ಹಂಬಲ ಹಳ್ಳಿಗೆ ಹೊಸದಾಗಿರಲಿಲ್ಲ.

ಇನ್ನೊಂದು ಊರು ಹಾಸನದ ಬಳಿಯ ಶೆಟ್ಟಿಹಳ್ಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಅಲ್ಲಿಯ ದೇವಾಲಯ, ಗೊರೂರಿನ ಹೇಮಾವತಿ ಜಲಾಶಯ ಬಂದ ಮೇಲೆ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ಮೇಲೇಳುತ್ತದೆ. ಊರು ಬೇರೆಡೆಗೆ ಹೋಯಿತು. ಪ್ರವಾಸಿಗರು ಮುರಿದ ಕಮಾನುಗಳನ್ನು ನೋಡಿ ಬೆರಗಾಗುತ್ತಾರೆ. ಅಲ್ಲಿ ಮದುವೆಯಾದವರು, ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಿದವರು ಮಾತ್ರ ಮೌನವಾಗಿ ನಿಲ್ಲುತ್ತಾರೆ.

ಬಂಧುಗಳೇ, ನೀರಿನಲ್ಲಿ ಮುಳುಗಿದ್ದು ಬೇಸಗೆಯಲ್ಲಾದರೂ ಕಾಣುತ್ತದೆ. ಮರೆವಿನಲ್ಲಿ ಮುಳುಗಿದ್ದು ಮತ್ತೆ ಕಾಣದು. ಹಬ್ಬಕ್ಕೆ ಹಳ್ಳಿಗೆ ಹೋಗಿ ಊಟ ಮಾಡಿ ಬಂದ ನಾವು, ಆ ಪ್ರಾರ್ಥನಾಲಯಕ್ಕೆ ಕಲ್ಲು ಹೊತ್ತವರ ಹೆಸರನ್ನು ಕೇಳಲಿಲ್ಲ. ಉಪದೇಶಿಯ ಹೆಸರನ್ನು ಎಲ್ಲಿಯೂ ಬರೆದಿಡಲಿಲ್ಲ. ಈ ತಪ್ಪು ನಮ್ಮದೇ. ಜ್ಞಾನಸ್ನಾನದ ಪುಸ್ತಕ ಹೆಸರು, ದಿನಾಂಕಗಳನ್ನು ಹೇಳುತ್ತದೆ. ಗಂಟೆ ಯಾರು ಬಾರಿಸಿದರು, ಬರಗಾಲದಲ್ಲಿ ಯಾರ ಹಗೇವಿನ ಜೋಳ ಎಲ್ಲರಿಗೂ ಆಯಿತು ಎಂಬುದನ್ನು ಅಜ್ಜಿಯರೇ ಹೇಳಬೇಕು.

ಆದುದರಿಂದ ಈ ಶತಮಾನೋತ್ಸವ ಮುಗಿಯುವ ಮುನ್ನ ಪ್ರತಿಯೊಂದು ಕುಟುಂಬವೂ ತನ್ನ ಮೂಲದ ಹಳ್ಳಿಯ ಪ್ರಾರ್ಥನಾಲಯದ ಬಗ್ಗೆ ಹಿರಿಯರನ್ನು ಕೇಳಿ ಒಂದು ಪುಟವನ್ನಾದರೂ ಬರೆದು ಗುರುಮನೆಗೆ ಒಪ್ಪಿಸಲಿ ಎಂದು ಬೇಡುತ್ತೇವೆ. ಮುಂದಿನ ನೂರು ವರ್ಷದವರಿಗೆ ನಾವು ಬಿಟ್ಟುಹೋಗಬಹುದಾದ ಅಡಿಗಲ್ಲು ಅದೇ. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಕೂಡಿದಲ್ಲಿ ತಾನಿರುವೆನೆಂದು ಅಭಯವಿತ್ತ ಪ್ರಭು, ಆ ಚಿಕ್ಕ ಪ್ರಾರ್ಥನಾಲಯಗಳಲ್ಲಿ ಕೂಡಿದವರೆಲ್ಲರನ್ನೂ ನಮ್ಮನ್ನೂ ಆಶೀರ್ವದಿಸಲಿ.