ಹೊಟ್ಟೆಯೊಳಗಿನ ಕಾಯಕ ಜೀವಿಗಳು

(ಒಳರೋಗಿಗಳು ಮತ್ತು ಅವರ ಜೊತೆಗಿರುವ ಬಂಧುಗಳಿಗಾಗಿ ಏರ್ಪಡಿಸಿದ್ದ ಆರೋಗ್ಯ ಶಿಕ್ಷಣ ಕಾರ್ಯಕ್ರಮದಲ್ಲಿ ಆಸ್ಪತ್ರೆಯ ಶುಶ್ರೂಷಾ ಬೋಧಕಿಯವರು ನೀಡಿದ ಉಪನ್ಯಾಸ)





ಶಿವಮೊಗ್ಗ, ಭದ್ರಾವತಿ ಮತ್ತು ಸುತ್ತಲಿನ ಹಳ್ಳಿಗಳಿಂದ ಬಂದಿರುವ ತಾವು ವಾರ್ಡಿನಲ್ಲಿ ನಮ್ಮನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಸಿಸ್ಟರ್, ಇವರಿಗೆ ತಿನ್ನಲು ಏನು ಕೊಡಬಹುದು?" ಕಾಯಿಲೆಯವರೆಂದರೆ ಬ್ರೆಡ್ಡು, ಬಿಸ್ಕತ್ತು, ಅಕ್ಕಿ ಗಂಜಿ ಎಂಬುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. "ಇನ್ನು ಎಲ್ಲ ಊಟ ಮಾಡಬಹುದು" ಎಂದು ವೈದ್ಯರು ಹೇಳಿದ ಮೇಲೂ ಕೆಲವು ಮನೆಗಳಲ್ಲಿ ವಾರಗಟ್ಟಲೆ ಇದೇ ನಡೆಯುತ್ತದೆ. ಸೊಪ್ಪು ವಾಯು, ಕಾಳು ಗ್ಯಾಸ್, ರಾಗಿ ಭಾರ ಎಂಬ ಹೆದರಿಕೆ. ಕೊನೆಗೆ ಮಲಬದ್ಧತೆಯಾಗಿ ರೋಗಿ ಮುಕ್ಕರಿದು ಕಷ್ಟಪಡುವುದನ್ನು ನಾವು ನೋಡುತ್ತಿರುತ್ತೇವೆ. ಆದ್ದರಿಂದ ಸೊಪ್ಪು, ಕಾಳು, ಧಾನ್ಯ ನಮ್ಮ ಕರುಳಿನೊಳಗೆ ಹೋದ ಮೇಲೆ ಏನಾಗುತ್ತವೆ ಎಂಬುದನ್ನು ಈ ದಿನ ತಿಳಿದುಕೊಳ್ಳೋಣ.

ನಮಗೆ ಅರಗದೇ ಉಳಿಯುವುದು

ಅನ್ನದಲ್ಲಿರುವ ಪಿಷ್ಟ, ಬೇಳೆಯಲ್ಲಿರುವ ಪ್ರೋಟೀನು, ಎಣ್ಣೆ ತುಪ್ಪದ ಕೊಬ್ಬು ಬಹುಪಾಲು ಸಣ್ಣ ಕರುಳಿನಲ್ಲೇ ಜೀರ್ಣವಾಗಿ ರಕ್ತ ಸೇರುತ್ತವೆ. ಆದರೆ ಸಸ್ಯಾಹಾರದಲ್ಲಿ ನಾರು ಎಂಬ ಇನ್ನೊಂದು ಭಾಗವಿದೆ. ಅದನ್ನು ಒಡೆಯುವ ಜೀರ್ಣರಸ ನಮ್ಮ ದೇಹದಲ್ಲಿಲ್ಲ. ಭದ್ರಾವತಿಯವರಿಗೆ ಇದು ಬೇಗ ಅರ್ಥವಾಗುತ್ತದೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್‌ನಲ್ಲಿ ಬಿದಿರು, ಮರ ಬೇಯಿಸಿ ಕಾಗದ ಮಾಡುತ್ತಿದ್ದರಲ್ಲವೇ? ಆ ಕಾಗದದ ಮೂಲವಸ್ತು ಸೆಲ್ಯುಲೋಸ್. ದಂಟಿನ ಸೊಪ್ಪಿನ ದಂಟಿನಲ್ಲಿ, ಬಾಳೆದಿಂಡಿನಲ್ಲಿ, ಕಾಳಿನ ಸಿಪ್ಪೆಯಲ್ಲಿ ಇರುವುದೂ ಅದೇ. ಇದರ ಜೊತೆಗೆ ಹಣ್ಣಿನ ಪೆಕ್ಟಿನ್, ಕಾಳಿನ ಅಂಟು ಪದಾರ್ಥ, ಬಾಳೆಕಾಯಿಯ ಸುಲಭವಾಗಿ ಅರಗದ ಪಿಷ್ಟ ಇವೂ ನಾರಿನ ಗುಂಪಿಗೇ ಸೇರುತ್ತವೆ. ಇವೆಲ್ಲ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳನ್ನು ಹಾಗೆಯೇ ದಾಟಿ, ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿಗೆ ಬರುತ್ತವೆ.

ಅಲ್ಲಿ ಕೆಲಸ ಮಾಡುವವರು ಯಾರು?

ದೊಡ್ಡ ಕರುಳಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ವಾಸವಾಗಿವೆ. ಒಬ್ಬ ವಯಸ್ಕರ ದೇಹದಲ್ಲಿ ಇವು ಸುಮಾರು 38 ಲಕ್ಷ ಕೋಟಿ ಇರಬಹುದೆಂದು 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮ ದೇಹದ ಜೀವಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಬ್ಯಾಕ್ಟೀರಿಯಾ ಎಂದ ಕೂಡಲೇ ರೋಗ ಎಂದು ಹೆದರಬೇಕಾಗಿಲ್ಲ. ಇವುಗಳಲ್ಲಿ ಹೆಚ್ಚಿನವು ನಮಗೆ ಉಪಕಾರಿ.

ದೋಸೆ ಹಿಟ್ಟು ರಾತ್ರಿ ಹುಳಿ ಬಂದು ಉಬ್ಬುವ ಹಾಗೆ, ಈ ಜೀವಿಗಳು ನಾರನ್ನು ಹುಳಿ ಬರಿಸಿ ಒಡೆಯುತ್ತವೆ. ಆಗ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಮೂರು ಸಣ್ಣ ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ಮೊದಲ ಎರಡು ಬಹುಪಾಲು ರಕ್ತದ ಮೂಲಕ ಪಿತ್ತಜನಕಾಂಗವನ್ನು, ಇತರ ಅಂಗಗಳನ್ನು ತಲುಪಿ ಶಕ್ತಿಯಾಗಿ ಬಳಕೆಯಾಗುತ್ತವೆ. ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರಕ್ಕೇ ಮುಖ್ಯ ಆಹಾರ. ಆ ಪದರ ಗಟ್ಟಿಯಾಗಿದ್ದರೆ ಕೆಟ್ಟ ಕ್ರಿಮಿಗಳು ಒಳನುಗ್ಗುವುದು ಕಷ್ಟ. ಒಡೆಯದೇ ಉಳಿದ ನಾರು ನೀರು ಹಿಡಿದುಕೊಂಡು ಮಲವನ್ನು ಮೃದು ಮಾಡುತ್ತದೆ.

ಕಾಯಕ, ದಾಸೋಹ ನಮಗೆ ಹೊಸ ಮಾತುಗಳಲ್ಲ. ಈ ಜೀವಿಗಳದ್ದೂ ಒಂದು ಕಾಯಕವೇ. ನಾವು ಅವಕ್ಕೆ ನಾರು ಕೊಟ್ಟರೆ ಅವು ನಮ್ಮ ಕರುಳಿಗೆ ಊಟ ಬಡಿಸುತ್ತವೆ. ನಾವು ಕೊಡದಿದ್ದರೆ ಕೆಲವು ಜೀವಿಗಳು ಕರುಳನ್ನು ಕಾಯುವ ಲೋಳೆಯ ಪದರವನ್ನೇ ತಿನ್ನತೊಡಗುತ್ತವೆ.

ಎರಡೇ ವಾರದಲ್ಲಿ ವ್ಯತ್ಯಾಸ

2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಅಮೆರಿಕದ 20 ಮಂದಿ ಆಫ್ರಿಕಾ ಮೂಲದವರು ಮತ್ತು ದಕ್ಷಿಣ ಆಫ್ರಿಕಾದ 20 ಮಂದಿ ಹಳ್ಳಿಗರು ಎರಡು ವಾರಗಳ ಕಾಲ ತಮ್ಮ ಊಟವನ್ನು ಅದಲುಬದಲು ಮಾಡಿಕೊಂಡರು. ನಾರು ಹೆಚ್ಚಿರುವ ಹಳ್ಳಿ ಊಟ ತಿಂದ ಅಮೆರಿಕದವರ ಕರುಳಿನಲ್ಲಿ ಬ್ಯುಟಿರೇಟ್ ಎರಡು ಪಟ್ಟಿಗೂ ಹೆಚ್ಚಾಯಿತು, ಉರಿಯೂತ ಇಳಿಯಿತು. ಮಾಂಸ, ಕೊಬ್ಬು ಹೆಚ್ಚಾಗಿ ನಾರು ಕಡಿಮೆಯಿದ್ದ ಊಟ ತಿಂದ ಹಳ್ಳಿಗರಲ್ಲಿ ಇದಕ್ಕೆ ವಿರುದ್ಧವಾಯಿತು. ಊಟ ಬದಲಾದರೆ ಕರುಳು ಎರಡೇ ವಾರದಲ್ಲಿ ಬದಲಾಗುತ್ತದೆ ಎಂಬ ಮಾತು ನಮಗೆ ಎಚ್ಚರಿಕೆಯೂ ಹೌದು, ಧೈರ್ಯವೂ ಹೌದು.

ಗ್ಯಾಸ್ ಬಂದರೆ ಹೆದರಬೇಕೇ?

ಹುರುಳಿ, ಅವರೆ, ಕಡಲೆ ಕಾಳುಗಳಲ್ಲಿ ರಾಫಿನೋಸ್ ಎಂಬ ಸಕ್ಕರೆ ಇದೆ. ಇದೂ ನಮಗೆ ಅರಗದು, ಬ್ಯಾಕ್ಟೀರಿಯಾಗಳೇ ಒಡೆಯಬೇಕು. ಒಡೆಯುವಾಗ ಜಲಜನಕ, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲ ಹುಟ್ಟುತ್ತದೆ. ಸ್ವಲ್ಪ ವಾಯು ಹೋಗುವುದು ಕರುಳು ಕೆಲಸ ಮಾಡುತ್ತಿದೆ ಎಂಬುದರ ಗುರುತು. ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿದರೆ ಈ ತೊಂದರೆ ಕಡಿಮೆಯಾಗುತ್ತದೆ. ಮೊಳಕೆ ಬರಿಸುವುದರಿಂದ ಇನ್ನೊಂದು ಲಾಭವಿದೆ. ಕಾಳಿನಲ್ಲಿ ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಂಡಿರುವ ಫೈಟೇಟ್ ಕಡಿಮೆಯಾಗಿ, ಆ ಖನಿಜಗಳು ದೇಹಕ್ಕೆ ಹೆಚ್ಚು ದೊರೆಯುತ್ತವೆ. ಮೊಳಕೆ ಹುರುಳಿ ಸಾರು ಮಾಡುವ ನಮ್ಮ ಅಜ್ಜಿಯರ ಪದ್ಧತಿ ಬಹಳ ಒಳ್ಳೆಯದು.

ಶುದ್ಧ ಸಸ್ಯಾಹಾರಿಗಳು ಗಮನಿಸಬೇಕಾದ ವಿಷಯ

ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಬಿ12 ಜೀವಸತ್ವವನ್ನೂ ತಯಾರಿಸುತ್ತವೆ. ಆದರೆ ಬಿ12 ರಕ್ತಕ್ಕೆ ಸೇರುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ದೊಡ್ಡ ಕರುಳು ಅದಕ್ಕಿಂತ ಮುಂದೆ ಇರುವುದರಿಂದ ಅಲ್ಲಿ ತಯಾರಾದದ್ದು ನಮಗೆ ಸಿಗುವುದಿಲ್ಲ, ಮಲದಲ್ಲಿ ಹೋಗುತ್ತದೆ. ಹಸುವಿಗೆ ಹೀಗಲ್ಲ. ಅದರ ಬ್ಯಾಕ್ಟೀರಿಯಾಗಳು ಕರುಳಿಗಿಂತ ಮೊದಲೇ ಬರುವ ದೊಡ್ಡ ಹೊಟ್ಟೆಯಲ್ಲಿವೆ. ಅಲ್ಲಿ ತಯಾರಾದ ಬಿ12 ಅದರ ರಕ್ತಕ್ಕೂ ಹಾಲಿಗೂ ಬರುತ್ತದೆ. ಆದ್ದರಿಂದ ಮಾಂಸ, ಮೊಟ್ಟೆ ತಿನ್ನದವರು ಪ್ರತಿದಿನ ಹಾಲು, ಮೊಸರು, ಮಜ್ಜಿಗೆ ಬಿಡಬಾರದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಇನ್ನೂ ಕಡಿಮೆಯಾಗಬಹುದು. ಕೈಕಾಲು ಜೋಮು, ಸುಸ್ತು, ಮರೆವು ಇದ್ದರೆ "ವಯಸ್ಸಾಯಿತು" ಎಂದು ಸುಮ್ಮನಿರಬೇಡಿ. ವೈದ್ಯರಿಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಆಂಟಿಬಯೋಟಿಕ್ ಮಾತ್ರೆಗಳ ವಿಷಯ

ಆಂಟಿಬಯೋಟಿಕ್ ಔಷಧ ರೋಗಾಣುವಿನ ಜೊತೆಗೆ ಕರುಳಿನ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತದೆ. ಬೇಕಾದಾಗ ಅದು ಪ್ರಾಣ ಉಳಿಸುವ ಔಷಧ. ಬೇಡದಾಗ ತೆಗೆದುಕೊಂಡರೆ ನಷ್ಟ ನಮಗೇ. ನೆಗಡಿ, ಸಾಮಾನ್ಯ ಜ್ವರಕ್ಕೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ. ಮನೆಯಲ್ಲಿ ಉಳಿದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ. ವೈದ್ಯರು ಬರೆದುಕೊಟ್ಟಾಗ ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ. ಔಷಧ ನಡೆಯುವಾಗ ಅಥವಾ ಮುಗಿದ ಕೆಲವು ವಾರಗಳಲ್ಲಿ ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ನೀರಾಗಿ ಭೇದಿಯಾದರೆ, ರಕ್ತ ಬಿದ್ದರೆ, ಹೊಟ್ಟೆ ನೋವು ಜ್ವರ ಬಂದರೆ ಕೂಡಲೇ ತಿಳಿಸಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವೇ ನುಂಗಬೇಡಿ. ಓ.ಆರ್.ಎಸ್. ದ್ರಾವಣ ಕುಡಿಯುತ್ತಿರಿ.

ಮನೆಗೆ ಹೋದ ಮೇಲೆ ಪಾಲಿಸಬೇಕಾದ ಸೂಚನೆಗಳು

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. 100 ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 3 ಗ್ರಾಂ ನಾರಿದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ. ಇದಕ್ಕೆ ದುಬಾರಿ ಪುಡಿ, ಡಬ್ಬಗಳು ಬೇಕಾಗಿಲ್ಲ.

1. ದಿನಕ್ಕೆ ಒಂದು ಹೊತ್ತಾದರೂ ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿ ಇರಲಿ.
2. ಒಂದು ಹೊತ್ತು ಕಾಳಿನ ಸಾರು ಅಥವಾ ಉಸುಲಿ, ಒಂದು ಹೊತ್ತು ಸೊಪ್ಪಿನ ಪಲ್ಯ. ಹರಿವೆ, ನುಗ್ಗೆ, ಬಸಳೆ ಯಾವುದಾದರೂ ಸರಿ. ದಿನ ದಿನ ಬದಲಾಯಿಸಿ, ಬೇರೆ ಬೇರೆ ಜೀವಿಗಳಿಗೆ ಬೇರೆ ಬೇರೆ ನಾರು ಬೇಕು.
3. ಜ್ಯೂಸಿನ ಬದಲು ಇಡೀ ಹಣ್ಣು ತಿನ್ನಿ. ಸೋಸಿದರೆ ನಾರು ಹೋಗುತ್ತದೆ.
4. ಒಮ್ಮೆಲೇ ಹೆಚ್ಚಿಸಬೇಡಿ. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಆಗ ಹೊಟ್ಟೆ ಉಬ್ಬರ ಕಡಿಮೆ.
5. ನೀರು ಸಾಕಷ್ಟು ಕುಡಿಯಿರಿ. ನೀರಿಲ್ಲದೆ ನಾರು ಹೆಚ್ಚಿಸಿದರೆ ಮಲಬದ್ಧತೆ ಹೆಚ್ಚುತ್ತದೆ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರು ಹೇಳಿದ ಅಳತೆಯಷ್ಟೇ ಕುಡಿಯಬೇಕು.

ಯಾರು ಮೊದಲು ವೈದ್ಯರನ್ನು ಕೇಳಬೇಕು?

ಕರುಳಿನ ಶಸ್ತ್ರಚಿಕಿತ್ಸೆಯಾದವರು, ಕರುಳು ಕಿರಿದಾಗಿರುವವರು ಅಥವಾ ಕಟ್ಟಿಕೊಂಡಿದ್ದವರು, ತೀವ್ರ ಭೇದಿ ಇರುವವರಿಗೆ ಕೆಲವು ಕಾಲ ನಾರು ಕಡಿಮೆ ಇರುವ ಊಟವೇ ಸರಿ. ಮೂತ್ರಪಿಂಡದ ರೋಗಿಗಳಿಗೆ ಸೊಪ್ಪು, ಹಣ್ಣು, ಎಳನೀರಿನಲ್ಲಿರುವ ಪೊಟ್ಯಾಸಿಯಂ ಅಪಾಯ ತರಬಹುದು. ಪಕ್ಕದ ಮಂಚದವರಿಗೆ ಹೇಳಿದ ಪಥ್ಯ ನಿಮ್ಮವರಿಗೆ ಸರಿಹೋಗದಿರಬಹುದು. ಹೊಟ್ಟೆ ಉಬ್ಬಿ ಮಲವೂ ವಾಯುವೂ ಹೋಗದೆ ವಾಂತಿಯಾದರೆ ತಡ ಮಾಡದೆ ಆಸ್ಪತ್ರೆಗೆ ಕರೆತನ್ನಿ.

ಬಂಧುಗಳೇ, ಬಿಡುಗಡೆಯ ದಿನ ಔಷಧದ ಚೀಟಿ ಕೇಳುವ ಹಾಗೆಯೇ "ಊಟ ಯಾವಾಗಿನಿಂದ ಮಾಮೂಲಿಯಾಗಿ ಕೊಡಬಹುದು?" ಎಂದು ಕೇಳಿ ಬರೆಸಿಕೊಳ್ಳಿ. ಓದಲು ಬಾರದಿದ್ದರೆ ನಮ್ಮ ಸಿಸ್ಟರ್‌ಗಳು ಎರಡು ಬಾರಿ ಬೇಕಾದರೂ ಹೇಳಿಕೊಡುತ್ತಾರೆ. ಕೇಳಲು ಸಂಕೋಚ ಬೇಡ.

ತಾವೆಲ್ಲರೂ ಬೇಗ ಗುಣಮುಖರಾಗಿ ಮನೆ ಸೇರಿ, ತಮ್ಮ ತಮ್ಮ ಕಾಯಕಕ್ಕೆ ಮರಳುವಂತಾಗಲಿ ಎಂದು ಹಾರೈಸುತ್ತೇನೆ.